ಟಿ.ವಿ. ಗೋಡೆಗೊಂದು ಅಗ್ಗಿಷ್ಟಿಕೆ: ಅಳತೆ ಸೋಫಾದಿಂದ ಶುರುವಾಗಲಿ

ಗೃಹಪ್ರವೇಶಕ್ಕೆ ಹೋದರೆ ಹೆಂಗಸರ ಕಣ್ಣು ಮೊದಲು ಅಡುಗೆಮನೆ ಕಡೆಗೆ ಹೋಗುತ್ತಿದ್ದ ಕಾಲವೊಂದಿತ್ತು. ಈಗ ಹಾಲ್‌ನ ಟಿ.ವಿ. ಗೋಡೆಯೇ ಎಲ್ಲರನ್ನೂ ಮೊದಲು ಸೆಳೆಯುತ್ತದೆ. ಚನ್ನಪಟ್ಟಣದ ಬೊಂಬೆ, ಮಕ್ಕಳ ಟ್ರೋಫಿ ಜೋಡಿಸಿಟ್ಟ ಹಳೆಯ ಷೋಕೇಸ್ ಹೋಗಿ, ನೆಲದಿಂದ ಸೂರಿನವರೆಗೂ ಪ್ಯಾನಲ್ ಬಂದಿದೆ. ನಡುವೆ ದೊಡ್ಡ ಟಿ.ವಿ., ಅದರ ಕೆಳಗೆ ಸಿನಿಮಾದಲ್ಲಿ ನೋಡಿದಂಥ ಅಗ್ಗಿಷ್ಟಿಕೆ! ‘ನಮ್ಮನೇಲೂ ಇಂಥದ್ದೊಂದು ಇದ್ದರೆ...’ ಅಂತ ನಿಮಗೂ ಅನ್ನಿಸಿರಬಹುದು, ಅಲ್ವಾ?

ಆಸೆಯೇನೋ ಒಳ್ಳೆಯದೇ. ಆದರೆ ಇದು ಸೀರೆಯಲ್ಲ, ಒಪ್ಪಲಿಲ್ಲ ಅಂತ ಬೀರುವಿನಲ್ಲಿ ಮಡಚಿಡೋಕೆ ಆಗೋದಿಲ್ಲ. ಒಮ್ಮೆ ಕಟ್ಟಿಸಿದರೆ ಹತ್ತು ವರ್ಷ ಅದನ್ನೇ ನೋಡುತ್ತಾ ಕೂರಬೇಕು. ಎಷ್ಟೋ ಮನೆಗಳಲ್ಲಿ ಗೋಡೆ ಬಲು ಚೆಂದ, ಆದರೆ ಕೂತು ನೋಡುವವರಿಗೆ ಕತ್ತು ನೋವು. ಕಾರಣ ಇಷ್ಟೇ: ನಾವು ಗೋಡೆಯ ಅಳತೆ ತೆಗೆಯುತ್ತೇವೆ, ಕೂರುವವರ ಅಳತೆ ಮರೆಯುತ್ತೇವೆ. ಆದ್ದರಿಂದ ಟೇಪನ್ನು ಮೊದಲು ಗೋಡೆಗಲ್ಲ, ಸೋಫಾದ ಹತ್ತಿರ ಹಿಡಿಯಿರಿ.

ಬೆಂಕಿ ಬೇಕೋ, ಬೆಂಕಿಯ ನೋಟ ಸಾಕೋ?

ಕೊಡಗು, ಚಿಕ್ಕಮಗಳೂರಿನ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ, ಬೆಂಗಳೂರು ದಂಡು ಪ್ರದೇಶದ ಬ್ರಿಟಿಷರ ಕಾಲದ ಮನೆಗಳಲ್ಲಿ ಸೌದೆ ಉರಿಸುವ ಅಗ್ಗಿಷ್ಟಿಕೆಗಳಿದ್ದವು. ಹೊಗೆ ಹೋಗಲು ಚಿಮಣಿಯೂ ಇತ್ತು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಈಗ ಡಿಸೆಂಬರ್, ಜನವರಿಯ ರಾತ್ರಿಗಳಲ್ಲೂ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಒಂದು ಸ್ವೆಟರ್, ಒಂದು ಲೋಟ ಬಿಸಿ ಕಾಫಿಗೆ ಹೋಗುವ ಚಳಿ ಅದು! ಹಾಗಾಗಿ ನಮ್ಮ ಫ್ಲಾಟ್‌ಗಳಿಗೆ ಅಗ್ಗಿಷ್ಟಿಕೆ ಬೇಕಿರುವುದು ಹೆಚ್ಚಾಗಿ ನೋಟಕ್ಕೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಯ್ಕೆ ಸುಲಭ.

ಎಲೆಕ್ಟ್ರಿಕ್ ಅಗ್ಗಿಷ್ಟಿಕೆಯಲ್ಲಿ ಜ್ವಾಲೆ ಎಲ್.ಇ.ಡಿ. ದೀಪದ ಆಟ. ಬರೀ ಜ್ವಾಲೆ ಹಚ್ಚಿಕೊಂಡರೆ ಕರೆಂಟ್ ಖರ್ಚು ಬಲು ಕಡಿಮೆ. ಜೊತೆಗಿರುವ ಹೀಟರ್ ಹಾಕಿದರೆ ಮಾತ್ರ 1500ರಿಂದ 2000 ವಾಟ್ ಬೇಕು. 2000 ವಾಟ್‌ನ ಹೀಟರ್ ಒಂದು ಗಂಟೆ ಉರಿದರೆ 2 ಯೂನಿಟ್. ಇದಕ್ಕೆ 6 ಆಂಪಿಯರ್‌ನ ಸಣ್ಣ ಸಾಕೆಟ್ ಸಾಲದು, ಗೀಸರ್‌ಗೆ ಹಾಕಿಸುವಂಥ 16 ಆಂಪಿಯರ್‌ನದೇ ಬೇಕು. ಮನೆಯ ಯು.ಪಿ.ಎಸ್. ಲೈನಿಗೆ ಇದನ್ನು ಸೇರಿಸಲೇಬೇಡಿ.

ನಿಜವಾದ ಜ್ವಾಲೆಯೇ ಬೇಕೆನ್ನುವವರಿಗೆ ಬಯೋಎಥನಾಲ್ ಒಲೆಗಳೂ ಸಿಗುತ್ತವೆ. ಹೊಗೆ ಇಲ್ಲ ನಿಜ, ಆದರೆ ಅದು ಉರಿಯುವುದು ನಿಮ್ಮ ಕೋಣೆಯ ಆಮ್ಲಜನಕದಿಂದಲೇ. ಕಿಟಕಿ ಮುಚ್ಚಿ ಉರಿಸುವ ಹಾಗಿಲ್ಲ. ಒಲೆ ಬಿಸಿಯಿರುವಾಗ ಇಂಧನ ಸುರಿದರೆ ಭಗ್ಗೆಂದು ಹೊತ್ತಿಕೊಳ್ಳುವ ಅಪಾಯವೂ ಉಂಟು. ಓಡಾಡುವ ಮಕ್ಕಳು, ಹಾರಾಡುವ ಪರದೆಗಳಿರುವ ಮನೆಗೆ ಇದು ಬೇಡ. ಇನ್ನು ಚಿಮಣಿ ಇಲ್ಲದ ಕೋಣೆಯಲ್ಲಿ ಇದ್ದಿಲು, ಸೌದೆ ಉರಿಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಮುಚ್ಚಿದ ಕೋಣೆಯಲ್ಲಿ ತುಂಬುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೇ ಹೋಗಬಹುದು.

ಮೊದಲು ಕಣ್ಣು, ಆಮೇಲೆ ಟಿ.ವಿ.

ನೀವು ದಿನಾ ಕೂರುವ ಜಾಗದಲ್ಲಿ, ದಿನಾ ಕೂರುವ ಹಾಗೆಯೇ ಒರಗಿ ಕೂತುಕೊಳ್ಳಿ. ನೆಲದಿಂದ ನಿಮ್ಮ ಕಣ್ಣಿನ ಎತ್ತರ ಎಷ್ಟು ಅಂತ ಮಗಳ ಕೈಯಲ್ಲಿ ಅಳೆಸಿ. ಸೋಫಾದಲ್ಲಿ ಕೂತರೆ ಸಾಮಾನ್ಯವಾಗಿ 38ರಿಂದ 42 ಅಂಗುಲ ಬರುತ್ತದೆ. ಯಜಮಾನರದು, ದಿವಾನದ ಮೇಲೆ ಕೂರುವ ಅತ್ತೆಯವರದು ಕೂಡ ಅಳೆಯಿರಿ. ಟಿ.ವಿ.ಯ ನಡುಭಾಗ ಈ ಎತ್ತರಕ್ಕೆ ಬರಬೇಕು. ನಾಲ್ಕೈದು ಅಂಗುಲ ಮೇಲಾದರೆ ಪರವಾಗಿಲ್ಲ. ವಿದೇಶಿ ಚಿತ್ರ ನೋಡಿ ನಾಲ್ಕೂವರೆ ಅಡಿ ಎತ್ತರದ ಅಗ್ಗಿಷ್ಟಿಕೆ ಕಟ್ಟಿಸಿ, ಅದರ ಮೇಲೆ ಟಿ.ವಿ. ತೂಗುಹಾಕಿದರೆ ಅದರ ನಡುಭಾಗ ಆರಡಿ ಎತ್ತರಕ್ಕೆ ಹೋಗುತ್ತದೆ. ಕತ್ತು ನೋವಿರುವ ಹಿರಿಯರಿಗೆ ಒಂದು ಧಾರಾವಾಹಿ ನೋಡುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಎರಡನೆಯದು ದೂರ. ಟಿ.ವಿ.ಯ ಇಂಚಿನ ಅಳತೆಯ ಸುಮಾರು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಕೂತರೆ ಕಣ್ಣಿಗೆ ಹಿತ. ಅಂದರೆ 43 ಇಂಚಿನ ಟಿ.ವಿ.ಗೆ ಸುಮಾರು 6 ಅಡಿ, 55 ಇಂಚಿನದಕ್ಕೆ ಏಳೂವರೆ ಅಡಿ, 65 ಇಂಚಿನದಕ್ಕೆ ಎಂಟೂಮುಕ್ಕಾಲು ಅಡಿ. ಹಬ್ಬದ ರಿಯಾಯಿತಿ ಇದೆ ಅಂತ ಯಜಮಾನರು ದೊಡ್ಡ ಟಿ.ವಿ. ಬುಕ್ ಮಾಡುವ ಮೊದಲೇ ಈ ಲೆಕ್ಕ ತೋರಿಸಿಬಿಡಿ!

ಇಲ್ಲೊಂದು ಸೂಕ್ಷ್ಮವಿದೆ. ಅಗ್ಗಿಷ್ಟಿಕೆ ಕೂರಿಸಲು ಗೋಡೆಯ ಮುಂದೆ ಇನ್ನೊಂದು ಸುಳ್ಳು ಗೋಡೆ ಕಟ್ಟಬೇಕು. ಅದು 8ರಿಂದ 12 ಅಂಗುಲ ಮುಂದೆ ಬರುತ್ತದೆ. ದೂರ ಅಳೆಯುವಾಗ ಈ ಅಂಗುಲಗಳನ್ನು ಕಳೆಯಲು ಮರೆಯಬೇಡಿ.

ಒಂದು ಗೋಡೆಯ ಲೆಕ್ಕ

12 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಗೋಡೆ ಇದೆ ಅಂದುಕೊಳ್ಳಿ. ಕೂತ ಜಾಗದಿಂದ ಗೋಡೆ 9 ಅಡಿ. ಸುಳ್ಳು ಗೋಡೆಗೆ 10 ಅಂಗುಲ ಹೋದರೆ ಉಳಿಯುವುದು 8 ಅಡಿ ಚಿಲ್ಲರೆ. ಇಲ್ಲಿಗೆ 55 ಇಂಚಿನ ಟಿ.ವಿ. ಸರಿ. ಅದರ ಅಗಲ ಸುಮಾರು 48 ಅಂಗುಲ, ಎತ್ತರ 27 ಅಂಗುಲ.

ಕೆಳಗಿನಿಂದ ಲೆಕ್ಕ ಹಾಕೋಣ. ನೆಲ ಒರೆಸುವಾಗ ನೀರು ತಾಗದಂತೆ 6 ಅಂಗುಲದ ಕಟ್ಟೆ. ಅದರ ಮೇಲೆ 18 ಅಂಗುಲ ಎತ್ತರದ ಉದ್ದನೆ ಅಗ್ಗಿಷ್ಟಿಕೆ. ಆಮೇಲೆ 6 ಅಂಗುಲ ಖಾಲಿ. 30ನೇ ಅಂಗುಲದಿಂದ ಟಿ.ವಿ. ಶುರುವಾಗಿ 57ಕ್ಕೆ ಮುಗಿಯುತ್ತದೆ. ಟಿ.ವಿ.ಯ ನಡುಭಾಗ ನಲವತ್ಮೂರೂವರೆ ಅಂಗುಲ, ಅಂದರೆ ಕಣ್ಣಿಗೆ ಸರಿಸುಮಾರು ನೇರ. ಅಗ್ಗಿಷ್ಟಿಕೆ ಟಿ.ವಿ.ಯಷ್ಟೇ ಅಥವಾ ತುಸು ಹೆಚ್ಚು ಅಗಲವಿರಲಿ, ಇಲ್ಲಿಗೆ 50 ಅಂಗುಲ ಚೆನ್ನ. ಕಿರಿದಾದರೆ ಸಣ್ಣ ಮಣೆಯ ಮೇಲೆ ದೊಡ್ಡ ಹಂಡೆ ಇಟ್ಟ ಹಾಗೆ ಕಾಣುತ್ತದೆ.

ಇನ್ನು ಪ್ಯಾನಲ್. ಅದರ ಅಗಲದಲ್ಲಿ ಟಿ.ವಿ. ಮೂರರಲ್ಲಿ ಎರಡು ಭಾಗ ಇದ್ದರೆ ಹದವಾಗಿ ಕಾಣುತ್ತದೆ. 48 ಅಂಗುಲದ ಟಿ.ವಿ.ಗೆ 72 ಅಂಗುಲ, ಅಂದರೆ 6 ಅಡಿ ಪ್ಯಾನಲ್ ಸಾಕು. ಬಡಗಿಗಳು ಮುಂಭಾಗದ ಚದರಡಿ ಲೆಕ್ಕದಲ್ಲಿ ಹಣ ಕೇಳುತ್ತಾರೆ ತಾನೇ? ಇಡೀ ಗೋಡೆ ಮುಚ್ಚಿದರೆ 114 ಚದರಡಿ, 6 ಅಡಿ ಅಗಲಕ್ಕೆ ಸೂರಿನವರೆಗೂ ಮಾಡಿಸಿದರೆ 57. ಖರ್ಚು ಅರ್ಧಕ್ಕರ್ಧ ಇಳಿಯಿತು, ಗೋಡೆಗೂ ಉಸಿರಾಡಲು ಜಾಗ ಸಿಕ್ಕಿತು! ಪಕ್ಕದ ಮೂರು ಅಡಿಯಲ್ಲಿ ಒಂದು ಕಡೆ ಪುಸ್ತಕ, ಬೊಂಬೆಗಳ ಶೆಲ್ಫ್ ಇರಲಿ. ಇನ್ನೊಂದು ಕಡೆ ಒಂದು ಕುಂಡ ಸಾಕು.

ಟಿ.ವಿ. ಮೇಲಿನ ಅರ್ಧ ಗೋಡೆ ಖಾಲಿ ಖಾಲಿ ಅಂತ ಅನ್ನಿಸಿ, ಟಿ.ವಿ.ಯನ್ನೇ ಮೇಲಕ್ಕೆ ಏರಿಸೋಣ ಅನ್ನುವವರೇ ಹೆಚ್ಚು. ದಯವಿಟ್ಟು ಒಪ್ಪಬೇಡಿ. ಖಾಲಿ ಜಾಗ ಕಣ್ಣಿಗೆ ವಿಶ್ರಾಂತಿ.

ಗೋಡೆ ಇಷ್ಟು ಅಗಲ ಇಲ್ಲವೇ? ಕೂರುವ ಜಾಗ ಹತ್ತಿರವೇ? ಹಾಗಾದರೆ ಅಗ್ಗಿಷ್ಟಿಕೆಯನ್ನು ಟಿ.ವಿ. ಜೊತೆ ಸೇರಿಸದೆ ಬೇರೆ ಗೋಡೆಗೆ ಕೊಡಿ. ವಾಸ್ತು ನೋಡುವವರು ಅಗ್ನಿಗೆ ಆಗ್ನೇಯ ದಿಕ್ಕೇ ಬೇಕೆನ್ನುತ್ತಾರೆ. ಆ ಗೋಡೆಯ ಎದುರು ದೊಡ್ಡ ಕಿಟಕಿ ಇದ್ದರೆ ಹಗಲಲ್ಲಿ ಟಿ.ವಿ. ಮೇಲೆ ಬೆಳಕು ಹೊಳೆದು ಚಿತ್ರವೇ ಕಾಣದು. ಆಗಲೂ ಎರಡನ್ನೂ ಬೇರ್ಪಡಿಸುವುದೇ ಜಾಣತನ.

ಪೇಪರ್ ಅಂಟಿಸಿ ನೋಡಿ

ಕಾಸಿಲ್ಲದ ಉಪಾಯವೊಂದಿದೆ. ಹಳೆಯ ದಿನಪತ್ರಿಕೆಗಳನ್ನು ಜೋಡಿಸಿ ಟಿ.ವಿ. ಅಳತೆಗೊಂದು, ಅಗ್ಗಿಷ್ಟಿಕೆ ಅಳತೆಗೊಂದು ಕತ್ತರಿಸಿ ಗೋಡೆಗೆ ಅಂಟಿಸಿ. ಪ್ಯಾನಲ್‌ನ ಅಂಚನ್ನು ಸೀಮೆಸುಣ್ಣದಲ್ಲಿ ಎಳೆಯಿರಿ. ಸುಳ್ಳು ಗೋಡೆ ಎಲ್ಲಿಯವರೆಗೆ ಬರುತ್ತದೆ ಅಂತ ನೆಲದ ಮೇಲೂ ಒಂದು ಗೆರೆ ಇರಲಿ. ಎರಡು ದಿನ ಹಾಗೇ ಬಿಟ್ಟು ಓಡಾಡಿ, ಕೂತು ನೋಡಿ. ಬಾಗಿಲು ತಾಗುತ್ತದೆಯೇ, ಟೀಪಾಯ್ ಅಡ್ಡ ಬರುತ್ತದೆಯೇ, ಎಲ್ಲಾ ಆಗಲೇ ಗೊತ್ತಾಗುತ್ತದೆ. ಪೇಪರ್ ಕಿತ್ತು ಅಂಟಿಸೋದು ಸುಲಭ, ಪ್ಲೈವುಡ್ ಕೀಳೋದಲ್ಲ.

ಬಡಗಿ ಬರುವ ಮುನ್ನ

* ಅಗ್ಗಿಷ್ಟಿಕೆಯನ್ನು ಮೊದಲು ಆರಿಸಿ, ಆಮೇಲೆ ಗೂಡು ಕಟ್ಟಿಸಿ. ಸುತ್ತ ಎಷ್ಟು ಜಾಗ ಬಿಡಬೇಕು ಅಂತ ಅದರ ಜೊತೆ ಬರುವ ಪುಸ್ತಿಕೆಯಲ್ಲಿರುತ್ತದೆ.

* ಬಿಸಿಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ಅದು ನೇರವಾಗಿ ಟಿ.ವಿ.ಗೆ ತಗುಲುವಂತಿದ್ದರೆ ಆ ಮಾಡೆಲ್ ಬೇಡ.

* ಅಗ್ಗಿಷ್ಟಿಕೆಯ ಸುತ್ತ ಪಿ.ವಿ.ಸಿ. ಪ್ಯಾನಲ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಸಿಮೆಂಟ್ ಬೋರ್ಡ್, ಟೈಲ್ಸ್ ಅಥವಾ ನಮ್ಮ ಸಾದರಹಳ್ಳಿ ಕಲ್ಲು ಹಾಕಿಸಿ.

* ಟಿ.ವಿ. ಬ್ರಾಕೆಟ್‌ನ ಬೋಲ್ಟ್ ಹಿಂದಿನ ಗಟ್ಟಿ ಗೋಡೆಯನ್ನೇ ಹಿಡಿಯಬೇಕು, ಇಲ್ಲವೇ ದಪ್ಪ ಪ್ಲೈವುಡ್ ಆಧಾರ ಬೇಕು. ಬರೀ ಜಿಪ್ಸಮ್ ಬೋರ್ಡ್ ನಂಬಬೇಡಿ.

* ವೈರುಗಳಿಗೆ ಎರಡು ಅಂಗುಲದ ಪೈಪ್ ಒಳಗೇ ಹಾಕಿಸಿ. ನಾಳೆ ಹೊಸ ಕೇಬಲ್ ಬಂದರೆ ಪ್ಯಾನಲ್ ಒಡೆಯಬೇಕಿಲ್ಲ.

* ಸೆಟ್‌ಟಾಪ್ ಬಾಕ್ಸ್, ರೂಟರ್ ಇಡುವ ಗೂಡಿಗೆ ಗಾಳಿ ಆಡಬೇಕು. ಹಿಂಭಾಗಕ್ಕೆ ತೆಗೆಯುವ ಬಾಗಿಲಿರಲಿ, ಜಿರಳೆ ಔಷಧಿ ಹೊಡೆಯುವುದಕ್ಕಾದರೂ ಬೇಕು!

ಬಡಗಿ ನಕ್ಷೆ ತಂದು ತೋರಿಸಿದಾಗ ಬಣ್ಣ, ಡಿಸೈನ್ ನೋಡುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಟಿ.ವಿ.ಯ ನಡುಭಾಗ ನೆಲದಿಂದ ಎಷ್ಟು ಅಂಗುಲ?’ ನೀವು ಬರೆದಿಟ್ಟ ಕಣ್ಣಿನ ಅಳತೆಗೆ ಅದು ಹೊಂದಿದರೆ ಧೈರ್ಯವಾಗಿ ಮುಂಗಡ ಕೊಡಿ.