ಜಯನಗರದ ಟೀ ಶರ್ಟು, ಧಾರವಾಡದ ಹತ್ತಿ, ಅಮೆರಿಕದ ಗುಲಾಮಗಿರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕಳೆದ ಸಂಚಿಕೆ ಕೇಳಿ ಬಿಟಿಎಂ ಲೇಔಟ್‌ನಿಂದ ಒಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಪ್ರಶ್ನೆ ಇಷ್ಟೇ: "ಗುಲಾಮಗಿರಿ ತಪ್ಪು ಅಂತ ಅಮೆರಿಕದಲ್ಲಿ ಅಷ್ಟೊಂದು ಜನ ಹೇಳ್ತಾನೇ ಇದ್ರಲ್ಲ, ಮತ್ತೆ ಅದನ್ನ ನಿಲ್ಲಿಸೋಕೆ ಯುದ್ಧವೇ ಯಾಕೆ ಬೇಕಾಯ್ತು?"

ಒಳ್ಳೆ ಪ್ರಶ್ನೆ. ಉತ್ತರ ಹುಡುಕೋಕೆ ಜಯನಗರ 4ನೇ ಬ್ಲಾಕ್‌ನಿಂದ ಶುರು ಮಾಡೋಣ. ಕಾಂಪ್ಲೆಕ್ಸ್ ಸುತ್ತ ಫುಟ್‌ಪಾತ್ ಮೇಲೆ ಟೀ ಶರ್ಟ್ ರಾಶಿ ಹಾಕಿರ್ತಾರಲ್ಲ, ಅಲ್ಲಿ ನಾವು ಮೊದಲು ನೋಡೋದು ಏನು? ರೇಟು. ಆಮೇಲೆ ಕಾಟನ್ನೋ ಅಲ್ವೋ ಅಂತ. ಆ ಹತ್ತಿ ಯಾರು ಬೆಳೆದ್ರು, ಯಾರು ಬಿಡಿಸಿದ್ರು, ಅವರಿಗೆ ಕೂಲಿ ಸಿಕ್ತಾ, ಇದನ್ನ ನಾನಂತೂ ಯಾವತ್ತೂ ಕೇಳಿಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕೆಲವರು ಕೇಳಿದ್ರು. ಆ ಪ್ರಶ್ನೆ ಸುತ್ತಿ ಬಳಸಿ ನಮ್ಮ ಧಾರವಾಡದ ಎರೆ ಭೂಮಿಗೂ ಬಂತು.

ಒಂದು ಯಂತ್ರ, ನಲವತ್ತು ಲಕ್ಷ ಜನ

1793ರಲ್ಲಿ ಎಲೈ ವಿಟ್ನಿ ಅನ್ನೋ ಅಮೆರಿಕದವನು ಹತ್ತಿಯಿಂದ ಬೀಜ ಬೇರೆ ಮಾಡೋ ಯಂತ್ರ ಮಾಡಿದ. ಹುಬ್ಬಳ್ಳಿ, ಗದಗ ಕಡೆಯವರು ಜಿನ್ನು ಅಂತಾರಲ್ಲ, ಅದೇ. ಕೈಯಲ್ಲಿ ಬೀಜ ಬಿಡಿಸೋ ಕೆಲಸ ತಪ್ಪಿತು, ಆಳುಗಳ ಕಷ್ಟ ಕಡಿಮೆಯಾಗುತ್ತೆ ಅಂತ ಅನ್ಸುತ್ತೆ ಅಲ್ವಾ? ಆಗಿದ್ದು ಉಲ್ಟಾ. ಹತ್ತಿ ಲಾಭದ ಬೆಳೆ ಆಯ್ತು, ತೋಟಗಳು ಬೆಳೆದವು, ಬಿತ್ತೋಕೆ, ಬಿಡಿಸೋಕೆ ಇನ್ನೂ ಜನ ಬೇಕಾದ್ರು. 1790ರಲ್ಲಿ ಆ ದೇಶದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರ ಹೊತ್ತಿಗೆ ಹತ್ತಿರ ಹತ್ತಿರ 40 ಲಕ್ಷ. ಗಂಡ ಹೆಂಡತಿಯನ್ನ, ತಾಯಿ ಮಕ್ಕಳನ್ನ ಬೇರೆ ಮಾಡಿ ಹತ್ತಿ ಸೀಮೆಗೆ ಮಾರಿದ್ರು.

ಅದೇ ಕಾಲಕ್ಕೆ ಉತ್ತರದ ರಾಜ್ಯಗಳಲ್ಲಿ ಸುಧಾರಣೆಯ ಗಾಳಿ ಬೀಸ್ತಾ ಇತ್ತು. ಕುಡಿತ ಬಿಡಿಸೋ ಚಳವಳಿ, ಎಲ್ಲ ಮಕ್ಕಳಿಗೂ ಶಾಲೆ ಅನ್ನೋ ಚಳವಳಿ, ಹೆಂಗಸರ ಹಕ್ಕಿನ ಚಳವಳಿ. ಅವುಗಳಲ್ಲಿ ಎಲ್ಲಕ್ಕಿಂತ ಅಪಾಯದ್ದು ಗುಲಾಮಗಿರಿ ವಿರೋಧಿ ಚಳವಳಿ. 1831ರಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ ಬಾಸ್ಟನ್‌ನಲ್ಲಿ 'ದಿ ಲಿಬರೇಟರ್' ಪತ್ರಿಕೆ ಶುರು ಮಾಡಿದ. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ತನ್ನ ಕತೆಯನ್ನ ತಾನೇ ವೇದಿಕೆ ಮೇಲೆ ನಿಂತು ಹೇಳಿದ, 1845ರಲ್ಲಿ ಪುಸ್ತಕ ಮಾಡಿದ. ಇನ್ನು ಕೆಲವರು, ಮುಖ್ಯವಾಗಿ ಕ್ವೇಕರ್ ಪಂಥದವರು, ಗುಲಾಮರು ಬೆಳೆದ ಹತ್ತಿ ಉಡಲ್ಲ, ಅವರು ಬೆಳೆದ ಸಕ್ಕರೆ ತಿನ್ನಲ್ಲ ಅಂತ ಹಟ ಹಿಡಿದ್ರು. ಬೇರೆ ಅಂಗಡಿಗಳನ್ನೇ ತೆರೆದ್ರು. ಆದ್ರೆ ಅಲ್ಲಿ ಬಟ್ಟೆ ದುಬಾರಿ, ಆಯ್ಕೆ ಕಡಿಮೆ. ಹೆಚ್ಚು ಜನ ಆ ಕಡೆ ಹೋಗ್ಲಿಲ್ಲ.

ಬಾಸ್ಟನ್‌ನ ಹಗ್ಗ, ಧಾರವಾಡದ ಬೀಜ

ಇಲ್ಲಿ ನಮ್ಮ ಕತೆಗೆ ಬೇಕಾದ ಒಬ್ಬ ಮನುಷ್ಯ ಬರ್ತಾನೆ: ಜಾರ್ಜ್ ಥಾಂಪ್ಸನ್, ಇಂಗ್ಲೆಂಡಿನ ಭಾಷಣಕಾರ. 1834ರಲ್ಲಿ ಅಮೆರಿಕಕ್ಕೆ ಹೋಗಿ ಗುಲಾಮಗಿರಿ ವಿರುದ್ಧ ಊರೂರು ಸುತ್ತಿದ. 1835ರ ಅಕ್ಟೋಬರ್‌ನಲ್ಲಿ ಅವನನ್ನ ಹಿಡಿಯೋಕೆ ಅಂತ ಬಾಸ್ಟನ್‌ನಲ್ಲಿ ಗುಂಪು ಸೇರಿತು. ಥಾಂಪ್ಸನ್ ಸಿಗಲಿಲ್ಲ, ಗ್ಯಾರಿಸನ್ ಸಿಕ್ಕ. ಅವನಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದ್ರು. ಗಮನಿಸಿ, ಬಾಸ್ಟನ್ ಇರೋದು ಉತ್ತರದಲ್ಲಿ. ಹತ್ತಿಯ ದುಡ್ಡು ಅಲ್ಲಿನ ಗಿರಣಿ, ಬ್ಯಾಂಕು, ಹಡಗುಗಳಿಗೂ ಹರೀತಿತ್ತು.

ಥಾಂಪ್ಸನ್ ವಾಪಸ್ ಹೋದ. 1839ರಲ್ಲಿ ಜೋಸೆಫ್ ಪೀಸ್ ಜೊತೆ ಸೇರಿ ಇಂಗ್ಲೆಂಡಿನಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿ ಕಟ್ಟಿದ. ಅವರ ಲೆಕ್ಕ ಸರಳ. ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ಹತ್ತಿ ಕೊಳ್ಳೋವರೆಗೂ ಗುಲಾಮಗಿರಿ ಸಾಯಲ್ಲ. ಭಾರತದ ರೈತ ಗುಲಾಮ ಅಲ್ಲ, ಅವನ ಹತ್ತಿ ಅಗ್ಗಕ್ಕೆ, ಚೆನ್ನಾಗಿ ಸಿಕ್ಕರೆ ಗಿರಣಿಯವರು ಆ ಕಡೆ ತಿರುಗ್ತಾರೆ.

ಈಸ್ಟ್ ಇಂಡಿಯಾ ಕಂಪನಿಗೂ ಹತ್ತಿ ಬೇಕಿತ್ತು, ಕಾರಣ ಬೇರೆ. 1840ರಲ್ಲಿ ಕಂಪನಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನ ಭಾರತಕ್ಕೆ ಕರೆಸಿತು. ಗುಲಾಮರ ದುಡಿಮೆಯ ಸೀಮೆಯಿಂದ ಬಂದವರು ಇಲ್ಲಿನ ರೈತರಿಗೆ ಪಾಠ ಹೇಳೋಕೆ ನಿಂತ್ರು! ಬಹಳ ಕಡೆ ಪ್ರಯೋಗ ಸೋತಿತು. ಗೆದ್ದ ಅಪರೂಪದ ಜಾಗ ಧಾರವಾಡ. ನ್ಯೂ ಆರ್ಲಿಯನ್ಸ್ ಬೀಜ ಅಲ್ಲಿನ ಕಪ್ಪು ನೆಲಕ್ಕೆ ಒಗ್ಗಿತು. 'ಧಾರವಾಡ-ಅಮೆರಿಕನ್' ಅನ್ನೋ ಹೆಸರಲ್ಲೇ ಮಾರುಕಟ್ಟೆಗೆ ಹೋಯ್ತು. ಊರ ಹತ್ತಿಗೆ 'ಕುಮಟಾ' ಅಂತ ಹೆಸರು. ಬೆಳೀತಿದ್ದದ್ದು ಬಯಲುಸೀಮೆಯಲ್ಲಿ, ಆದ್ರೆ ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಕುಮಟಾ ಬಂದರಲ್ಲಿ, ಅದಕ್ಕೇ ಆ ಹೆಸರು.

ಹಾಗಾದ್ರೆ ಥಾಂಪ್ಸನ್ ಲೆಕ್ಕ ಗೆದ್ದಿತಾ? ಇಲ್ಲ. ನಮ್ಮ ಹತ್ತಿಯ ಎಳೆ ಗಿಡ್ಡ, ಮಣ್ಣು ಕಸ ಜಾಸ್ತಿ, ಎತ್ತಿನ ಗಾಡಿ ಘಟ್ಟ ಇಳಿಯೋಕೆ ದಿನಗಟ್ಟಲೆ. ಯುದ್ಧಕ್ಕೆ ಮುಂಚೆ ಬ್ರಿಟನ್ ಕೊಳ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದೇ. ಗಿರಣಿಯವರು ಗುಲಾಮಗಿರಿ ಕೆಟ್ಟದ್ದು ಅಂತ ಒಪ್ಪಿಕೊಂಡೇ ಅದರ ಹತ್ತಿ ಕೊಂಡ್ರು.

ಇಲ್ಲಿ ಗುಲಾಮರು ಇರಲಿಲ್ವಾ?

ಇದ್ರು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕರಾವಳಿಯಲ್ಲಿ ಒಡೆಯರ ಹೊಲದಲ್ಲಿ ದುಡೀತಿದ್ದ ಗುಲಾಮರ ಬಗ್ಗೆ ಬರೆದಿದ್ದಾನೆ. ಅಸ್ಪೃಶ್ಯರು ಅಂತ ದೂರ ಇಟ್ಟ ಜಾತಿಗಳ ಜನರನ್ನ ಮಾರೋದು, ಅಡ ಇಡೋದು ನಡೀತಿತ್ತು. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಕಂಪನಿ ಆಳುತ್ತಿದ್ದ ಭಾರತವನ್ನ ಹೊರಗಿಟ್ಟಿತು.

ಸುಧಾರಕರು ಸುಮ್ಮನಿರಲಿಲ್ಲ, ಒತ್ತಡ ಹಾಕಿದ್ರು. 1843ರಲ್ಲಿ 5ನೇ ಕಾಯ್ದೆ ಬಂತು. ಅದು ಹೇಳಿದ್ದು, ಒಬ್ಬ ಮನುಷ್ಯ ನನ್ನ ಸ್ವತ್ತು ಅಂತ ಕೋರ್ಟಿಗೆ ಬಂದ್ರೆ ಕೋರ್ಟು ಕೇಳಲ್ಲ ಅಂತ. ಗುಲಾಮರನ್ನ ಕೊಳ್ಳೋದು, ಮಾರೋದು ಅಪರಾಧ ಅಂತ ಆಗಿದ್ದು 1860ರ ದಂಡ ಸಂಹಿತೆಯಲ್ಲಿ. ಆದ್ರೆ ಆಳಿನ ಕೈಗೆ ಭೂಮಿ ಬರಲಿಲ್ಲ, ಕೂಲಿ ಗೊತ್ತುಮಾಡಲಿಲ್ಲ. ನಾಳೆಯ ಗಂಜಿಗೆ ಅದೇ ಒಡೆಯನ ಹತ್ತಿರ ಸಾಲ. 'ಗುಲಾಮ' ಅನ್ನೋ ಪದ ಕಾಗದದಿಂದ ಹೋಯ್ತು, 'ಜೀತ' ಉಳೀತು.

ಒಪ್ಪಂದ ಮಾಡ್ತಾ ಮಾಡ್ತಾ ಯುದ್ಧ

ಈಗ ಕೇಳುಗರ ಪ್ರಶ್ನೆಗೆ ವಾಪಸ್ ಬರೋಣ. ಅಮೆರಿಕದ ರಾಜಕಾರಣಿಗಳು ನಲವತ್ತು ವರ್ಷ ತೇಪೆ ಹಾಕಿದ್ರು. 1820ರಲ್ಲಿ ಮಿಸೌರಿ ಒಪ್ಪಂದ, ಪಶ್ಚಿಮದ ಭೂಮಿಗೆ ಒಂದು ಗೆರೆ, ಅದರ ಮೇಲಕ್ಕೆ ಗುಲಾಮಗಿರಿ ಬೇಡ. 1836ರಿಂದ 1844ರವರೆಗೆ ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನ ಸಂಸತ್ತಿನ ಕೆಳಮನೆ ಚರ್ಚೆಗೇ ತಗೊಳ್ತಿರಲಿಲ್ಲ. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಚರ್ಚುಗಳು 1844-45ರಲ್ಲೇ ಉತ್ತರ, ದಕ್ಷಿಣ ಅಂತ ಒಡೆದವು. 1850ರ ಕಾನೂನು ಓಡಿಬಂದ ಗುಲಾಮರನ್ನ ಹಿಡಿದು ಕೊಡೋಕೆ ಉತ್ತರದವರೂ ಸಹಾಯ ಮಾಡ್ಬೇಕು ಅಂದಿತು. ಅಲ್ಲಿವರೆಗೆ "ನಮಗ್ಯಾಕೆ" ಅಂತಿದ್ದವರ ಬಾಗಿಲಿಗೇ ವಿಷಯ ಬಂತು. 1852ರಲ್ಲಿ ಹ್ಯಾರಿಯಟ್ ಬೀಚರ್ ಸ್ಟೋವ್ ಬರೆದ 'ಅಂಕಲ್ ಟಾಮ್ಸ್ ಕ್ಯಾಬಿನ್' ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಮಾರಾಟ ಆಯ್ತು. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರಿಯರು ಅಮೆರಿಕದ ಪ್ರಜೆಗಳೇ ಅಲ್ಲ ಅಂತು. 1860ರ ನವೆಂಬರ್‌ನಲ್ಲಿ ಲಿಂಕನ್ ಗೆದ್ದ, ಡಿಸೆಂಬರ್‌ನಲ್ಲಿ ಸೌತ್ ಕೆರೊಲಿನಾ ಒಕ್ಕೂಟ ಬಿಟ್ಟಿತು, 1861ರ ಏಪ್ರಿಲ್‌ನಲ್ಲಿ ತೋಪು ಹಾರಿತು.

ಯಾಕೆ ಮಾತಲ್ಲಿ ಮುಗೀಲಿಲ್ಲ? ದಕ್ಷಿಣದ ಧಣಿಗಳಿಗೆ ಆ 40 ಲಕ್ಷ ಜನ ಬರೀ ಆಳುಗಳಲ್ಲ. ಸಾಲಕ್ಕೆ ಜಾಮೀನು, ಮಗಳ ಬಳುವಳಿ, ಮಗನ ಆಸ್ತಿ. ತಪ್ಪು ಅಂತ ಮನವರಿಕೆ ಆದ ಮಾತ್ರಕ್ಕೆ ಯಾರೂ ತಮ್ಮ ಆಸ್ತಿ ಬಿಟ್ಟುಕೊಡಲ್ಲ. ಹೊರಗಿನಿಂದ ಕೊಳ್ಳೋರೂ ಬೆಲೆ ಬಿಟ್ಟುಕೊಡಲಿಲ್ಲ.

ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಬಂದ್ ಆದಾಗ ನೋಡಿ, ಥಾಂಪ್ಸನ್ ಭಾಷಣಗಳಿಂದ ಆಗದ್ದು ಒಂದೇ ಏಟಿಗೆ ಆಯ್ತು. ಮ್ಯಾಂಚೆಸ್ಟರ್‌ಗೆ ಧಾರವಾಡ ಬೇಕಾಯ್ತು. ಬೆಲೆ ಏರಿತು. ಹತ್ತಿ ಸಾಗಿಸೋಕೆ ಕಾರವಾರ ಬಂದರಿನ ಮೇಲೆ ಕಣ್ಣು ಬಿತ್ತು, 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸ್ ಪ್ರಾಂತ್ಯದಿಂದ ಬಾಂಬೆಗೆ ಸೇರಿಸಿದ್ರು. ಹತ್ತಿಗೆ ಕಸ ಬೆರೆಸೋರು ಜಾಸ್ತಿಯಾಗಿ 1863ರಲ್ಲಿ ಕಲಬೆರಕೆ ತಡೆಯೋ ಕಾಯ್ದೆಯೇ ಬಂತು. 1865ರಲ್ಲಿ ಯುದ್ಧ ಮುಗೀತು, ಬೆಲೆ ಕುಸೀತು, ಬಾಂಬೆಯ ಶೇರು ಪೇಟೆ ಮುಳುಗಿತು. ಒಳ್ಳೆ ಬೆಲೆ ನಂಬಿ ಸಾಲ ಮಾಡಿದವರಿಗೆ ಸಾಲ ಮಾತ್ರ ಉಳೀತು.

ಅತ್ತ ಅಮೆರಿಕದಲ್ಲಿ 13ನೇ ತಿದ್ದುಪಡಿ ಗುಲಾಮಗಿರಿ ರದ್ದು ಮಾಡಿತು. ಬಿಡುಗಡೆಯಾದವರಿಗೆ ಕೊಡೋಕೆ ಶುರು ಮಾಡಿದ್ದ ಭೂಮಿಯನ್ನ ಸರ್ಕಾರ ವಾಪಸ್ ಕಿತ್ತುಕೊಳ್ತು. ಅವರು ಹಳೇ ಧಣಿಯ ಹೊಲದಲ್ಲೇ ಪಾಲಿಗೆ ಬೆಳೆದು, ಅಂಗಡಿ ಸಾಲದಲ್ಲಿ ಸಿಕ್ಕಿಬಿದ್ರು. ನಮ್ಮ 1843ರ ಕತೆಯೇ, ಬೇರೆ ಊರಲ್ಲಿ. ಆದ್ರೂ ಆ ಹೋರಾಟ ವ್ಯರ್ಥ ಆಗ್ಲಿಲ್ಲ. 1873ರಲ್ಲಿ ಪುಣೆಯ ಜೋತಿರಾವ್ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕ ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ.

ಮುಂಗಡ ಅನ್ನೋ ಹಗ್ಗ

ಸಾಲವೇ ಸಂಕೋಲೆ ಅಂತ ನಮ್ಮ ಕಾನೂನು ಒಪ್ಪಿಕೊಳ್ಳೋಕೆ 1975 ಆಗಬೇಕಾಯ್ತು. ಆ ವರ್ಷ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ. ಆಗ ಇಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. 1974ರ ಭೂಸುಧಾರಣೆಯ ಬೆನ್ನಲ್ಲೇ ಇದೂ ಬಂತು. ಈ ಕಾಯ್ದೆ 1843ರದ್ದಕ್ಕಿಂತ ಒಂದು ಹೆಜ್ಜೆ ಮುಂದೆ: ಆಳನ್ನ ಬಿಡಿಸೋದಷ್ಟೇ ಅಲ್ಲ, ಅವನನ್ನ ಕಟ್ಟಿಹಾಕಿದ ಸಾಲವೇ ರದ್ದು. ಆದ್ರೂ 1978ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಕೈಗೊಂಡ ಸಮೀಕ್ಷೆ, ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಲ್ಲಿ 26 ಲಕ್ಷಕ್ಕೂ ಹೆಚ್ಚು ಜೀತದಾಳುಗಳಿದ್ದಾರೆ ಅಂತ ಅಂದಾಜು ಮಾಡಿತು.

ಇವತ್ತು ಜೀತ ಅಂದ್ರೆ ಸರಪಳಿ ಹುಡುಕಬೇಡಿ. ಇಟ್ಟಿಗೆ ಗೂಡಿನಲ್ಲೋ, ಕಲ್ಲು ಕ್ವಾರಿಯಲ್ಲೋ, ಕಟ್ಟಡದ ಸೈಟಿನಲ್ಲೋ ಯಾರಾದ್ರೂ "ಅಡ್ವಾನ್ಸ್ ತೀರೋವರೆಗೆ ಊರಿಗೆ ಹೋಗೋ ಹಾಗಿಲ್ಲ" ಅಂದ್ರೆ, ಅದು ಬರೀ ಸಾಲದ ಮಾತಲ್ಲ. ಮುಂಗಡ ಪಡೆದ ಕಾರಣಕ್ಕೆ ಕೆಲಸ ಬಿಡೋ, ಓಡಾಡೋ ಸ್ವಾತಂತ್ರ್ಯ ಇಲ್ಲ ಅಂತಾದ್ರೆ ಕಾನೂನು ಅದನ್ನ ಜೀತ ಅನ್ನುತ್ತೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದೂರನ್ನ ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ಕೊಡಬಹುದು. ಮಕ್ಕಳಿದ್ದರೆ 1098ಕ್ಕೆ ಫೋನ್ ಮಾಡಬಹುದು. ದುಡೀತಿರೋರೇ ಹೋಗ್ಬೇಕು ಅಂತಿಲ್ಲ, ನೀವೂ ಹೇಳಬಹುದು.

ಗುಲಾಮಗಿರಿಯ ಹತ್ತಿ ಉಡಲ್ಲ ಅಂದ ಆ ಕ್ವೇಕರ್ ಅಂಗಡಿಯವರು ಗೆಲ್ಲಲಿಲ್ಲ, ನಿಜ. ಆದ್ರೆ ರೇಟು ನೋಡೋಕೆ ಮುಂಚೆ ಬೇರೆ ಒಂದು ಪ್ರಶ್ನೆ ಕೇಳಬಹುದು ಅಂತ ತೋರಿಸಿದ್ರು. ಬಿಟಿಎಂ ಕೇಳುಗರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ತಪ್ಪು ಅಂತ ಹೇಳಿದವರು ಬಹಳ ಜನ, ಆದ್ರೆ ಅದರ ಲಾಭ ಬಿಡೋಕೆ ತಯಾರಿದ್ದವರು ಕಡಿಮೆ. ನೀವು ಏನಂತೀರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.