ಕಪ್ಪು ಪುಟ ಕಣ್ಣಿಗೆ ತಂಪೇ?

ಮೊಬೈಲಿನಲ್ಲಿ ಕಾದಂಬರಿ ಓದುವ ಓದುಗರೊಬ್ಬರ ಪ್ರಶ್ನೆ: "ಕಣ್ಣಿಗೆ ತಂಪೆಂದು ಎಲ್ಲರೂ ಹೇಳಿದ್ದಕ್ಕೆ ಪುಟವನ್ನು ಕಪ್ಪಾಗಿಸಿ, ಅಕ್ಷರವನ್ನು ಬಿಳಿ ಮಾಡಿಕೊಂಡೆ. ಆದರೂ ನಾಲ್ಕು ಪುಟಕ್ಕೇ ಕಣ್ಣು ಸೋಲುತ್ತದಲ್ಲ, ಯಾಕೆ?"

ಉತ್ತರ ಇರುವುದು ನಮ್ಮ ಕಣ್ಣಿನ ಪಾಪೆಯಲ್ಲಿ, ಮತ್ತು ಅದು ಬಲು ಸೊಗಸಾಗಿದೆ. ತಿಳಿಬಣ್ಣದ ಪುಟ ಎದುರಿಗಿದ್ದರೆ ಪಾಪೆ ಕಿರಿದಾಗುತ್ತದೆ. ಆಗ ಬೆಳಕು ಕಣ್ಣಿನ ಮಸೂರದ ನಡುಭಾಗದಲ್ಲಷ್ಟೇ ಹಾದುಹೋಗುತ್ತದೆ. ಅಂಚಿನ ಓರೆಕೋರೆಗಳು ಚಿತ್ರವನ್ನು ಕೆಡಿಸುವುದಿಲ್ಲ, ಅಕ್ಷರ ಚೂಪಾಗಿ ಮೂಡುತ್ತದೆ. ಕನ್ನಡಕ ಮರೆತು ಬಂದವರು ದೂರದ ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುವುದೂ ಇದೇ ಉಪಾಯ. ಪುಟ ಕಪ್ಪಾದರೆ ಪಾಪೆ ಹಿಗ್ಗುತ್ತದೆ, ಅಕ್ಷರದ ಅಂಚು ಕದಡುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವವರಿಗಂತೂ ಬಿಳಿ ಅಕ್ಷರದ ಸುತ್ತ ಮಂಜು ಕವಿದಂತೆ ಕಾಣಬಹುದು. ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಕಿರಿಯರನ್ನೂ ಹಿರಿಯರನ್ನೂ ಪರೀಕ್ಷಿಸಿ, ತಿಳಿ ಹಿನ್ನೆಲೆಯ ಕಪ್ಪಕ್ಷರವೇ ಇಬ್ಬರಿಗೂ ಮೇಲೆಂದು ಕಂಡರು. ಅಕ್ಷರ ಸಣ್ಣದಾದಷ್ಟೂ ಈ ಲಾಭ ಹೆಚ್ಚೆಂದು ಮರುವರ್ಷದ ಅವರ ಪ್ರಯೋಗ ತೋರಿಸಿತು.

ಹಾಗೆಂದು ಕಪ್ಪು ಪುಟ ದಂಡವೆಂದಲ್ಲ. ಕಣ್ಣಿನ ಪೊರೆಯಿಂದ ಮಸೂರ ಮಬ್ಬಾದವರಿಗೆ ಅದು ಹಿತವಾಗಬಹುದು. ಓಎಲ್‌ಇಡಿ ಪರದೆಯಲ್ಲಿ ಬ್ಯಾಟರಿಯೂ ಉಳಿಯುತ್ತದೆ. ಆದರೆ ಮೊಬೈಲಿನ ನೀಲಿ ಬೆಳಕು ಕಣ್ಣನ್ನೇ ಸುಡುತ್ತದೆಂದು ಹೆದರಿಸಿ ಕನ್ನಡಕ ಮಾರುವವರ ಮಾತಿಗೆ ಮರುಳಾಗಬೇಡಿ. ಅಂಥ ಕನ್ನಡಕ ಬೇಕಿಲ್ಲವೆಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಹೇಳಿದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯ ಮುಖ್ಯ ಕಾರಣ ಅದು. ರಾತ್ರಿ ಓದುವವರು ಪರದೆಯ ಪ್ರಖರತೆ ತಗ್ಗಿಸಿ, ಸೆಪಿಯಾ ಬಣ್ಣ ಆರಿಸಿಕೊಂಡರೆ ಸಾಕು. ನನ್ನ ಆಯ್ಕೆಯೂ ಅದೇ.

ಇಷ್ಟಕ್ಕೂ ಕನ್ನಡ ಓದುಗರು ಬಣ್ಣಕ್ಕಿಂತ ಮೊದಲು ಮುಟ್ಟಬೇಕಾದದ್ದು ಸಾಲುಗಳ ನಡುವಿನ ಅಂತರವನ್ನು. ರೋಮನ್ ಲಿಪಿಯಲ್ಲಿ ಸಾಲಿನಿಂದ ಕೆಳಗಿಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ನಮ್ಮ 'ರಾಷ್ಟ್ರ' ನೋಡಿ: ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಸಾಲು ಇಕ್ಕಟ್ಟಾದರೆ ಇವು ಕೆಳಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗಿ, ಕಣ್ಣು ಪ್ರತಿ ಪದದಲ್ಲೂ ತಡವರಿಸುತ್ತದೆ. ಅಂತರವನ್ನು ಒಂದೂವರೆಗೆ ಏರಿಸಿ, ಪುಟ ಉಸಿರಾಡುತ್ತದೆ. ಎರಡೂ ಅಂಚು ಸಮವಾಗಿಸುವ ಆಯ್ಕೆಯನ್ನೂ ಆರಿಸಬೇಡಿ. 'ಹೇಳಿಕೊಳ್ಳಬೇಕಾಗಿತ್ತೆಂದು' ಎಂಬಂಥ ಉದ್ದ ಪದವನ್ನು ಎಲ್ಲಿ ಮುರಿಯಬೇಕೆಂದು ಆಪ್‌ಗೆ ತಿಳಿಯದಿದ್ದರೆ ಅದು ಇಡೀ ಪದವನ್ನು ಕೆಳಸಾಲಿಗೆ ತಳ್ಳುತ್ತದೆ. ಮೇಲೆ ಉಳಿದ ಎರಡು ಪದಗಳ ನಡುವೆ ದೊಡ್ಡ ಬಯಲು. ಮೊಬೈಲಿನಲ್ಲಿ ಅಂಚಿನ ಜಾಗ ಕಿರಿದಾಗಿರಲಿ.

ಇವೆಲ್ಲ ಸಾಧ್ಯವಾಗುವುದು ಇಪಬ್ ರೂಪದ ಪುಸ್ತಕಗಳಲ್ಲಿ. ಅದರೊಳಗೆ ಪಠ್ಯ ಜಾಲತಾಣದ ಪುಟದಂತೆ ಹರಿಯಬಲ್ಲದು, ಆಪ್ ಅದನ್ನು ನಿಮ್ಮ ಪರದೆಗೆ ತಕ್ಕಂತೆ ಹೊಸದಾಗಿ ಜೋಡಿಸುತ್ತದೆ. ಪಿಡಿಎಫ್ ಪುಟ ಮುದ್ರಣದಲ್ಲಿದ್ದಂತೆಯೇ ನಿಂತಿರುತ್ತದೆ. ಹಿಗ್ಗಿಸಿ, ಎಡಬಲ ಎಳೆದಾಡಿ ಓದಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾದ ಪಠ್ಯವಂತೂ ಫಾಂಟು ಬದಲಿಸಿದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಪ್ರಕಾಶಕರೇ, ಇ-ಪುಸ್ತಕವನ್ನು ಯೂನಿಕೋಡ್‌ನಲ್ಲಿ, ಇಪಬ್ ರೂಪದಲ್ಲೇ ಕೊಡಿ. ದೃಷ್ಟಿ ಮಂದವಾದ ಹಿರಿಯ ಓದುಗರು ಅಕ್ಷರ ದೊಡ್ಡದು ಮಾಡಿಕೊಂಡು ನಿಮ್ಮ ಪುಸ್ತಕವನ್ನು ಕೊನೆಯವರೆಗೂ ಓದಲಿ.