ಅಟ್ಟದ ಏಣಿಯಿಂದ ಅಳತೆಯ ಮೆಟ್ಟಿಲಿಗೆ

ಸಕಲೇಶಪುರ, ಆಲೂರು ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಮೆಟ್ಟಿಲನ್ನು ಹುಡುಕಿಕೊಂಡು ಹೋಗಬೇಕು. ಪಡಸಾಲೆಯ ಮೂಲೆಯಲ್ಲೋ ಅಡುಗೆಮನೆ ಪಕ್ಕದ ಕತ್ತಲೆಯಲ್ಲೋ ಯಾವುದೋ ಬಾಗಿಲ ಹಿಂದೆ ಅದು ಇರುತ್ತದೆ. ಎರಡು ದಪ್ಪ ಹಲಗೆ, ನಡುವೆ ಅಡ್ಡಪಟ್ಟಿಗಳು, ಹಿಡಿದುಕೊಳ್ಳಲು ಮೇಲಿನಿಂದ ಇಳಿಬಿಟ್ಟ ಹಗ್ಗ. ಇಳಿಯುವಾಗ ಏಣಿ ಇಳಿದಂತೆ ಗೋಡೆಗೆ ಮುಖಮಾಡಿಯೇ ಇಳಿಯಬೇಕು. ಕೆಲಸ ಬಾರದವರು ಮಾಡಿದ ಮೆಟ್ಟಿಲಲ್ಲ ಅದು. ಅಟ್ಟ ಇದ್ದದ್ದು ಭತ್ತಕ್ಕೆ, ಮೆಣಸಿಗೆ, ಮಳೆಗಾಲದಲ್ಲಿ ಬೆಚ್ಚಗಿರಬೇಕಾದ ಸಾಮಾನಿಗೆ. ಮೆಟ್ಟಿಲು ಕಡಿದಾದಷ್ಟೂ ಕೆಳಗೆ ಜಾಗ ಉಳಿಯುತ್ತಿತ್ತು. ಹತ್ತಿ ಇಳಿಯುತ್ತಿದ್ದವರೂ ಮನೆಯ ಗಟ್ಟಿ ಆಳುಗಳೇ.

ಈಗ ಅದೇ ಅಟ್ಟ ಮಲಗುವ ಕೋಣೆಯಾಗಿದೆ. ರಜೆಗೆ ಬಂದ ಮಕ್ಕಳು ಅಲ್ಲಿ ಮಲಗುತ್ತಾರೆ, ಹೋಂಸ್ಟೇಗೆ ಬಂದ ನೆಂಟರಲ್ಲದ ನೆಂಟರೂ ಮಲಗುತ್ತಾರೆ. ಅರ್ಧರಾತ್ರಿ ನಿದ್ದೆಗಣ್ಣಲ್ಲಿ ಕೆಳಗಿಳಿಯುವವರಿಗೆ ಹಗ್ಗದ ಆಸರೆ ಸಾಲದು. ಹಾಗಾಗಿ ಹಳೆಯ ಮನೆಯನ್ನು ಉಳಿಸಿಕೊಳ್ಳಬೇಕೆನ್ನುವವರು ಮೊದಲು ಬದಲಿಸಬೇಕಾದದ್ದು ಮೆಟ್ಟಿಲನ್ನು ಎಂಬುದು ನನ್ನ ನಂಬಿಕೆ. ಮರವೇ ಇರಲಿ, ಏರು ಬದಲಾಗಲಿ.

ಇದಕ್ಕೆ ಒಗ್ಗುವುದು ಅಳತೆ ಕೊಟ್ಟು ಮಾಡಿಸುವ ನೇರ ಮೆಟ್ಟಿಲು. ತಿರುವಿಲ್ಲ, ನಡುವೆ ನಿಲುಗಡೆಯಿಲ್ಲ, ಒಂದೇ ಓಟ. ಪಕ್ಕದ ಹಲಗೆ, ಹೆಜ್ಜೆಹಲಗೆ, ಕಂಬ, ಕಟಕಟೆಯ ಸರಳು, ಹಿಡಿಕೆ ಎಲ್ಲವನ್ನೂ ಕಾರ್ಖಾನೆಯಲ್ಲೇ ಕತ್ತರಿಸಿ, ತೋಡು ಕೊರೆದು, ಒಮ್ಮೆ ಕೂಡಿಸಿ ನೋಡಿ, ಮತ್ತೆ ಬಿಚ್ಚಿ ಅಂಕಿ ಬರೆದು ಪಿಕಪ್‌ನಲ್ಲಿ ತರುತ್ತಾರೆ. ತೋಟದ ಇಕ್ಕಟ್ಟು ದಾರಿಗೆ, ಗಿಡ್ಡ ಬಾಗಿಲ ಹಳೆಯ ಮನೆಗೆ ಬೇರೆ ಉಪಾಯವೂ ಇಲ್ಲ. ಹತ್ತು ಅಡಿ ಎತ್ತರಕ್ಕೆ ಹತ್ತುವ ಮೆಟ್ಟಿಲಿನ ಪಕ್ಕದ ಹಲಗೆಯೇ ಹದಿನೇಳು ಅಡಿಯ ಹತ್ತಿರ ಬರುತ್ತದೆ. ಇಡೀ ಮೆಟ್ಟಿಲನ್ನು ಜೋಡಿಸಿ ಒಳಗೆ ತರಲಾಗದು.

ಹದಿನೇಳು ಅಡಿ ಬಂದದ್ದು ಹೇಗೆ? ಮೆಟ್ಟಿಲಿನ ಜೀವವೇ ಈ ಲೆಕ್ಕ. ಹತ್ತು ಅಡಿ ಎಂದರೆ 120 ಅಂಗುಲ. ಅದನ್ನು 17 ಏರುಗಳಾಗಿ ಹಂಚಿದರೆ ಒಂದೊಂದು ಏರು ಏಳು ಅಂಗುಲಕ್ಕಿಂತ ಕೂದಲಷ್ಟು ಹೆಚ್ಚು. ಕೊನೆಯ ಏರು ಮಹಡಿಯ ನೆಲಕ್ಕೇ ಸೇರುವುದರಿಂದ ಹೆಜ್ಜೆಹಲಗೆ 16 ಸಾಕು. ಒಂದೊಂದಕ್ಕೆ ಹತ್ತು ಅಂಗುಲ ಅಗಲ ಕೊಟ್ಟರೆ ನೆಲದ ಮೇಲೆ ಬೇಕಾಗುವ ಉದ್ದ 13 ಅಡಿ 4 ಅಂಗುಲ. ಅಷ್ಟು ಉದ್ದದಲ್ಲಿ ಹತ್ತು ಅಡಿ ಏರುವ ಓರೆ ಹಲಗೆಯೇ ಆ ಹದಿನೇಳು ಅಡಿಯ ಹತ್ತಿರದ್ದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಏರು 190 ಮಿಲಿಮೀಟರ್ ಮೀರಬಾರದು, ಹೆಜ್ಜೆ 250ಕ್ಕಿಂತ ಕಡಿಮೆಯಾಗಬಾರದು ಎನ್ನುತ್ತದೆ. ನಮ್ಮ ಏರು, ಹೆಜ್ಜೆಯ ಅಳತೆ ಈ ಎರಡು ಮಿತಿಯೊಳಗೇ ಇದೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಎರಡು ಏರು, ಒಂದು ಹೆಜ್ಜೆ ಕೂಡಿದರೆ ಮನುಷ್ಯನ ಒಂದು ನಡಿಗೆಯ ಅಳತೆಗೆ ಸರಿಹೋಗಬೇಕು ಎಂದಿದ್ದ. ಈಗ ಅದನ್ನು 24–25 ಅಂಗುಲ ಎಂದು ಹಿಡಿಯುತ್ತಾರೆ. ನಮ್ಮ ಮೆಟ್ಟಿಲು 24ರ ಮೇಲೆ ಒಂದಿಷ್ಟು ಬರುತ್ತದೆ.

ಲೆಕ್ಕ ಸರಿಯಿದ್ದೂ ಜನ ಎಡವುತ್ತಾರೆ, ಅದಕ್ಕೆ ಕಾರಣ ಬೇರೆ. ಮೊದಲ ಎರಡು ಹೆಜ್ಜೆಯಲ್ಲೇ ಕಾಲು ಏರಿನ ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ನೋಡದೆ ಹತ್ತುತ್ತದೆ. ಒಂದು ಏರು ಮಾತ್ರ ಅರ್ಧ ಅಂಗುಲ ಹೆಚ್ಚುಕಡಿಮೆಯಾದರೆ ಬೀಳುವುದು ಅಲ್ಲೇ. ಅಮೆರಿಕದ ವಸತಿ ಸಂಹಿತೆ ಒಂದೇ ಮೆಟ್ಟಿಲುಸಾಲಿನ ಅತಿ ಎತ್ತರದ ಏರಿಗೂ ಅತಿ ಗಿಡ್ಡ ಏರಿಗೂ 3/8 ಅಂಗುಲಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಈ ತಪ್ಪು ಸಾಮಾನ್ಯವಾಗಿ ಹುಟ್ಟುವುದು ನೆಲದಲ್ಲಿ. ರೆಡ್ ಆಕ್ಸೈಡ್ ನೆಲ ಇದ್ದಾಗ ಅಳತೆ ತೆಗೆದು, ಆಮೇಲೆ ಅದರ ಮೇಲೆ ಟೈಲ್ಸ್ ಹಾಕಿಸಿದರೆ ಮೊದಲ ಏರು ಒಂದೆರಡು ಅಂಗುಲ ನುಂಗಿಹೋಗುತ್ತದೆ. ಕೆಳಗಿನ ನೆಲ, ಮೇಲಿನ ಹಲಗೆನೆಲ ಎರಡೂ ಪೂರ್ತಿ ಮುಗಿದ ಮೇಲೆ ಅಥವಾ ಅವುಗಳ ಕೊನೆಯ ಮಟ್ಟವನ್ನು ಗೋಡೆಯ ಮೇಲೆ ಗೆರೆ ಹಾಕಿಕೊಂಡೇ ಅಳೆಯಬೇಕು.

ತಲೆಯ ಮೇಲಿನ ಜಾಗವನ್ನೂ ಆಗಲೇ ನೋಡಿಕೊಳ್ಳಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲೂ ಹರಡಿದ ಹೆಂಚಿನ ಮಾಡು, ಮಳೆಗಾಗಿ ಎರಡು ಕಡೆ ಇಳಿಜಾರು. ನಡುವೆ ಎತ್ತರ, ಅಂಚಿನಲ್ಲಿ ತಲೆ ತಾಗುತ್ತದೆ. ಆದ್ದರಿಂದ ಮೆಟ್ಟಿಲು ಮೇಲೆ ಮುಗಿಯುವ ಜಾಗ ಮಾಡಿನ ನೆತ್ತಿಯ ಕೆಳಗೇ ಇರಬೇಕು.

ಇನ್ನು ಮರ. ಹಲಸು ನನಗೆ ಎಲ್ಲಕ್ಕಿಂತ ಇಷ್ಟ: ಹೊಸದರಲ್ಲಿ ಅರಿಶಿನದ ಬಣ್ಣ, ವರ್ಷ ಕಳೆದಂತೆ ಜೇನಿನಂತೆ ಕಂದಾಗುತ್ತದೆ, ಹುಳುವಿಗೂ ಬೇಗ ಬಗ್ಗುವುದಿಲ್ಲ. ತೇಗ, ಹೊನ್ನೆ, ನಂದಿ, ಹೆಬ್ಬಲಸು ಕೂಡ ಒಳ್ಳೆಯವು. ಕಾಫಿ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಸಿಲ್ವರ್ ಓಕ್ ಎಲ್ಲೆಲ್ಲೂ ಸಿಗುತ್ತದೆ. ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಕಡಿಯಬಹುದು. ಆದರೆ ಗೆದ್ದಲಿಗೆ ಅದು ಸುಲಭದ ತುತ್ತು. ಪ್ಲೈವುಡ್‌ಗೆ ಸರಿ, ದಿನವೂ ತುಳಿಯುವ ಹೆಜ್ಜೆಗೆ ನಾನು ಹೇಳಲಾರೆ. ಬೀಟೆಯ ಆಸೆ ಬಿಡುವುದೇ ಒಳಿತು. ಕಾಡಿನಲ್ಲಿ ಅದು ಕಡಿಮೆಯಾಗಿದೆ, 2017ರಿಂದ ಆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಡಿ ಬಂದಿವೆ. ಅಜ್ಜನ ಕಾಲದ ಮುರಿದ ಮಂಚದ ಬೀಟೆ ಕಾಲು ಮನೆಯಲ್ಲಿದ್ದರೆ, ಮೆಟ್ಟಿಲ ಬುಡದ ಕಂಬಕ್ಕೆ ಅದು ಚೆನ್ನ.

ಜಾತಿಗಿಂತ ಮುಖ್ಯ ಒಣಗಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆ. ಆಗ ಮರ ಉಬ್ಬುತ್ತದೆ, ಮಾರ್ಚ್‌ನಲ್ಲಿ ಕುಗ್ಗುತ್ತದೆ. ಈ ಉಬ್ಬುಕುಗ್ಗು ಹಲಗೆಯ ಅಗಲದಲ್ಲೂ ದಪ್ಪದಲ್ಲೂ ಹೆಚ್ಚು, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಸಿ ಹಲಗೆಯಲ್ಲಿ ಮಾಡಿದ ಮೆಟ್ಟಿಲು ಮೊದಲ ಬೇಸಿಗೆಯಲ್ಲೇ ಸಡಿಲವಾಗಿ, ಮೊಳೆಗೂ ಹಲಗೆಗೂ ಉಜ್ಜಿ ಕಿರ್ ಎನ್ನುತ್ತದೆ. ಅದಕ್ಕೇ ಬಲ್ಲ ಆಚಾರ್ರು ಹೆಜ್ಜೆಹಲಗೆಯನ್ನು ಪಕ್ಕದ ಹಲಗೆಯ ತೋಡಿಗೆ ತೂರಿಸಿ ಹಿಂದಿನಿಂದ ಬೆಣೆ ಬಡಿಯುತ್ತಾರೆ. ಹಲಗೆ ಕುಗ್ಗಿದರೆ ಬೆಣೆಯನ್ನು ಇನ್ನಷ್ಟು ಬಡಿದರಾಯಿತು. ಕುಯ್ದ ಹಲಗೆಗಳ ನಡುವೆ ಕಡ್ಡಿ ಇಟ್ಟು ನೆರಳಲ್ಲಿ ಅಟ್ಟಿ ಹಾಕಬೇಕು, ಅಂಗುಲ ದಪ್ಪಕ್ಕೆ ಒಂದು ವರ್ಷ ಎಂದು ಹಿಡಿಯುವವರಿದ್ದಾರೆ. ಅಷ್ಟು ತಡೆಯಲಾಗದವರು ಯಂತ್ರದಲ್ಲಿ ಸೀಸನ್ ಮಾಡಿಸಿದ ಮರ ಕೇಳಬೇಕು. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದ, ಈಗ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರ ಒಣಗಿಸುವ ಬಗೆಯನ್ನು ಶೋಧಿಸುತ್ತದೆ, ಯಂತ್ರದ ಮರಗೆಲಸವನ್ನೂ ಕಲಿಸುತ್ತದೆ. ಮಲೆನಾಡಿನ ಆಚಾರ್ರ ಮನೆಯ ಹುಡುಗರು ಅಲ್ಲಿಗೆ ಹೋಗಿ ಕಲಿತು ಬರಲಿ ಎಂಬುದು ನನ್ನ ಮನಸಾರೆ ಆಸೆ.

ಹಿಡಿಕೆಗೆ ಹೆಚ್ಚಿನವರು ಕೊನೆಗೆ ಉಳಿದ ತುಂಡನ್ನು ಬಳಸುತ್ತಾರೆ. ಕೈಗೆ ಸಿಗುವುದು ಅದೊಂದೇ ಭಾಗ, ಅದಕ್ಕೇ ಒಳ್ಳೆಯ ಮರ ಇಡಬೇಕು. ಚೌಕವಾದ ನಾಲ್ಕು ಅಂಗುಲದ ತೊಲೆ ನೋಡಲು ಗಂಭೀರ, ಬೀಳುವವನ ಬೆರಳು ಅದನ್ನು ಸುತ್ತಿ ಹಿಡಿಯಲಾರದು. ಗುಂಡಗೆ, ಒಂದೂವರೆ ಅಂಗುಲ ಅಡ್ಡಳತೆ ಸಾಕು. ಗೋಡೆಯಿಂದಲೂ ಒಂದೂವರೆ ಅಂಗುಲ ದೂರವಿರಲಿ, ಮಳೆಗಾಲದಲ್ಲಿ ದಪ್ಪ ಸ್ವೆಟರಿನ ತೋಳು ಸಿಕ್ಕಬಾರದು. ಎತ್ತರ ಹೆಜ್ಜೆಯಿಂದ ಮೂರು ಅಡಿ. ಸರಳುಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಸಂದಿಯಿದ್ದರೆ ಮಗುವಿನ ತಲೆ ತೂರುತ್ತದೆ. ಜಂತೆಗೆ ಬಳಿಯುವ ಗೇರೆಣ್ಣೆಯನ್ನು ಹಿಡಿಕೆಗೆ ಬಳಿಯಬೇಡಿ, ಚರ್ಮ ಸುಡುತ್ತದೆ. ಮೆಟ್ಟಿಲ ಬುಡವನ್ನು ಮಾತ್ರ ಹಳಬರಂತೆ ಒಂದು ಕಲ್ಲಿನ ಮೇಲೆ ನಿಲ್ಲಿಸಿ; ನೆಲ ತೊಳೆದ ನೀರು ಮರದವರೆಗೆ ಬರುವುದಿಲ್ಲ.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅಳತೆ ಕೊಟ್ಟರೆ ಮಳೆ ಹಿಡಿಯುವ ಮುಂಚೆ ಜೋಡಣೆ ಆಗುತ್ತದೆ. ತಂದ ತುಂಡುಗಳನ್ನು ಎರಡು ಮೂರು ವಾರ ಅದೇ ಮನೆಯೊಳಗೆ ಬಿಡಿಯಾಗಿ ಇಟ್ಟು, ಅಲ್ಲಿನ ಗಾಳಿಗೆ ಹೊಂದಿಕೊಂಡ ಮೇಲೆ ಕೂಡಿಸಲು ಹೇಳಿ. ಮುಂದಿನ ಬೇಸಿಗೆಯಲ್ಲಿ ಒಮ್ಮೆ ಬಂದು ಬೆಣೆ ಬಿಗಿಮಾಡಿ ಹೋಗುವುದನ್ನೂ ಕರಾರಿನಲ್ಲೇ ಸೇರಿಸಿಕೊಳ್ಳಿ.